ನಿಮ್ಮ ಪ್ರಶ್ನೆ: ಪಿಯುಸಿ ಓದಿದ ನಾನು ಮಗನಿಗೆ ಥೆರಪಿ ಮಾಡಬಲ್ಲೆನೇ?

ಹಿಂದಿನ ಸಂಚಿಕೆಯಲ್ಲಿ ಆಟಿಸಂ ಬಗ್ಗೆ, ಅಂದರೆ ಮಾತು ಮತ್ತು ಜನರೊಡನೆ ಬೆರೆಯುವ ಬೆಳವಣಿಗೆ ಬೇರೆಯಾಗಿರುವ ಸ್ಥಿತಿಯ ಬಗ್ಗೆ, ನಾಲ್ಕು ಸಾಲು ಬರೆದಿದ್ದಕ್ಕೆ ಮಲೆನಾಡಿನ ಮೂಲೆಮೂಲೆಯಿಂದ ಪತ್ರ ಬಂದಿವೆ. ತಾಯಿ, ತಂದೆ, ಮೇಷ್ಟ್ರು, ಹೊಸದಾಗಿ ಕೆಲಸಕ್ಕೆ ಸೇರಿದ ವಿಶೇಷ ಶಿಕ್ಷಕಿ, ಎಲ್ಲರೂ ಬರೆದಿದ್ದಾರೆ. ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳ ಜೊತೆ ಹೇಗೆ ಕೆಲಸ ಮಾಡಬೇಕು, ಅದನ್ನು ಯಾರು ಯಾರಿಗೆ ಕಲಿಸಬೇಕು ಎನ್ನುವುದೇ ಎಲ್ಲರ ಪ್ರಶ್ನೆ. ಶಿವಮೊಗ್ಗದಲ್ಲಿ ವಿಶೇಷ ಶಿಕ್ಷಕಿಯಾಗಿ, ಆಮೇಲೆ ತಾಯ್ತಂದೆಯರಿಗೂ ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೂ ತರಬೇತಿ ಕೊಡುತ್ತ ನನ್ನ ಅರ್ಧ ಆಯುಸ್ಸು ಕಳೆದಿದೆ. ಅದಕ್ಕೂ ಮೊದಲು ನಾನು ಡೌನ್ ಸಿಂಡ್ರೋಮ್ ಇರುವ ತಮ್ಮನಿಗೆ ಅಕ್ಕ. ಕೆಳಗಿನ ಉತ್ತರಗಳಲ್ಲಿ ಇಬ್ಬರೂ ಇದ್ದಾರೆ.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ನಾಲ್ಕೂವರೆ ವರ್ಷ. ಮಾತು ಬಂದಿಲ್ಲ. ಕರೆದರೆ ತಿರುಗುವುದಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತ ಗಂಟೆಗಟ್ಟಲೆ ಕೂರುತ್ತಾನೆ. ಶಿವಮೊಗ್ಗದಲ್ಲಿ ಡಾಕ್ಟರು ಆಟಿಸಂ ಎಂದು ಹೇಳಿ ವಾರಕ್ಕೆರಡು ಸಲ ಥೆರಪಿಗೆ ಕರೆತರಲು ಹೇಳಿದ್ದಾರೆ. ನಮ್ಮನೆಯಿಂದ ಬಸ್ ನಿಲ್ಲುವ ಜಾಗಕ್ಕೇ ಎರಡು ಮೈಲಿ. ಮಳೆಗಾಲದಲ್ಲಿ ಹಳ್ಳ ದಾಟುವುದೇ ಕಷ್ಟ. ಅತ್ತೆ ‘ಇವನಪ್ಪನೂ ತಡವಾಗಿಯೇ ಮಾತಾಡಿದ್ದು, ಸುಮ್ಮನಿರು’ ಅನ್ನುತ್ತಾರೆ. ತಾಯಂದಿರಿಗೇ ತರಬೇತಿ ಕೊಡುತ್ತಾರೆ ಎಂದು ಕೇಳಿದೆ. ನಾನು ಪಿಯುಸಿ ಓದಿದವಳು. ತಜ್ಞರು ಮಾಡುವ ಕೆಲಸ ನನ್ನಿಂದ ಆದೀತೇ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಆಗುತ್ತದೆ ತಂಗಿ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಆಟಿಸಂ ಇರುವ ಪುಟ್ಟ ಮಕ್ಕಳ ಮನೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಅಲ್ಲಿ ತಾಯ್ತಂದೆಯರಿಗೆ ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಮಗುವಿನ ಜೊತೆ ಹೇಗೆ ಆಡಬೇಕು, ಅದು ಕೊಡುವ ಸಣ್ಣ ಸೂಚನೆಗೆ ಹೇಗೆ ಓಗೊಡಬೇಕು ಎಂದು ಕಲಿಸಿದರು, ಅಷ್ಟೇ. ಮಕ್ಕಳು ತಾವಾಗಿ ಅಪ್ಪ ಅಮ್ಮನ ಕಡೆ ತಿರುಗಿ ಸಂಪರ್ಕ ಮಾಡುವುದು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಮನೆಯವರಿಗೆಂದೇ ಒಂದು ತರಬೇತಿ ರೂಪಿಸಿದೆ. ಗುಂಪಿನಲ್ಲಿ ಒಂಬತ್ತು ಪಾಠ, ಮನೆಗೇ ಬಂದು ಮೂರು ಭೇಟಿ. 2022ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿ ಕಲಿಸುವವರು ನರ್ಸ್ ಆಗಿರಬಹುದು, ಶಿಕ್ಷಕಿಯಾಗಿರಬಹುದು, ಇಂಥದೇ ಮಗುವನ್ನು ಬೆಳೆಸಿದ ಇನ್ನೊಬ್ಬ ತಾಯಿಯೂ ಆಗಿರಬಹುದು.

ಆದರೆ ಮೊದಲು ಒಂದು ಕೆಲಸ. ಮಗನ ಕಿವಿ ಪರೀಕ್ಷೆ ಆಗಿದೆಯೇ? ಪತ್ರದಲ್ಲಿ ಬರೆದಿಲ್ಲ. ಮಾತು ಬಾರದ ಯಾವ ಮಗುವಿಗೂ ಇದು ಆಗಲೇಬೇಕು, ಆಟಿಸಂ ಎಂದು ಚೀಟಿಯಲ್ಲಿ ಬರೆದಿದ್ದರೂ ಸರಿ. ಡಬ್ಬಿ ಬಡಿದರೆ ತಿರುಗುತ್ತಾನೆ ಎನ್ನುವುದು ಪರೀಕ್ಷೆಯಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿ ಒಂದು ಸೇವಾ ಕೇಂದ್ರ ನಡೆಸುತ್ತದೆ. ನಿಮಗೆ ಶಿವಮೊಗ್ಗಕ್ಕಿಂತ ಅದು ಹತ್ತಿರವಾದರೆ ಅಲ್ಲಿ ವಿಚಾರಿಸಿ.

ಇನ್ನು ತರಬೇತಿಯಲ್ಲಿ ಏನು ಕಲಿಸುತ್ತಾರೆ ಎನ್ನುವುದು. ಬಚ್ಚಲಮನೆಯಿಂದಲೇ ಹೇಳುತ್ತೇನೆ. ದಿನಾ ಹಂಡೆ ಕಾಯಿಸಿ ಮಗನಿಗೆ ಸ್ನಾನ ಮಾಡಿಸುತ್ತೀರಲ್ಲ? ನೀವು ಅವನ ಮುಖದ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂರಿ. ತಂಬಿಗೆ ಎತ್ತಿ ‘ನೀರು’ ಅನ್ನಿ, ಹೊಯ್ಯಿರಿ. ಮತ್ತೆ ಎತ್ತಿ ‘ನೀರು’ ಅನ್ನಿ, ಹೊಯ್ಯಿರಿ. ಅವನಿಗೆ ಅದು ಖುಷಿಯಾಗತೊಡಗಿದ ಮೇಲೆ ಒಂದು ಸಲ ತಂಬಿಗೆ ಎತ್ತಿ ಹಿಡಿದು ಸುಮ್ಮನಿದ್ದುಬಿಡಿ. ಮನಸ್ಸಿನಲ್ಲೇ ನಿಧಾನಕ್ಕೆ ಹತ್ತು ಎಣಿಸಿ. ನಮ್ಮಂಥ ತಾಯಂದಿರಿಗೆ ಅತ್ಯಂತ ಕಷ್ಟದ ಪಾಠ ಈ ಕಾಯುವಿಕೆ. ಅವನು ನಿಮ್ಮ ಮುಖ ನೋಡಬಹುದು, ಕೈ ಎಳೆಯಬಹುದು, ‘ನೀ’ ಎಂದು ಒಂದು ಸ್ವರ ತೆಗೆಯಬಹುದು. ಯಾವುದು ಬಂದರೂ ಅದೇ ಮಾತು. ತಕ್ಷಣ ನೀರು ಹೊಯ್ದು ‘ನೀರು’ ಎನ್ನಿ. ‘ಹೇಳು, ಹೇಳು, ನೀರು ಅನ್ನು ನೋಡೋಣ’ ಎಂದು ಪೀಡಿಸಬೇಡಿ. ಕೇಳಿದರೆ ಸಿಗುತ್ತದೆ ಎನ್ನುವುದು ಅವನಿಗೆ ತಿಳಿಯಬೇಕು, ಮಾತಿನ ಬೇರು ಇರುವುದು ಅಲ್ಲಿ.

ಇದನ್ನೇ ದೋಸೆಗೆ, ಹಾಲಿಗೆ, ಕೊಟ್ಟಿಗೆಯ ಕರುವಿಗೆ ಹುಲ್ಲು ಹಾಕುವುದಕ್ಕೆ ಹಬ್ಬಿಸಿ. ಬೆಲ್ಲದ ಡಬ್ಬಿ ಕೈಗೆಟುಕುವ ಹಾಗಿಡಬೇಡಿ, ಕಣ್ಣಿಗೆ ಕಾಣುವ ಹಾಗಿಡಿ. ‘ಬೆಲ್ಲ ಬೇಕಾ, ಬಾಳೆಹಣ್ಣು ಬೇಕಾ’ ಎಂದು ಎರಡನ್ನೂ ತೋರಿಸಿ. ಮುಚ್ಚಳ ತಿರುಗಿಸುತ್ತಾನೆ ಎಂದಿರಿ. ಕಿತ್ತುಕೊಳ್ಳಬೇಡಿ. ಇನ್ನೊಂದು ಮುಚ್ಚಳ ತಂದು ಪಕ್ಕದಲ್ಲಿ ಕೂತು ನೀವೂ ತಿರುಗಿಸಿ. ಅವನು ಒಮ್ಮೆ ನಿಮ್ಮ ಮುಚ್ಚಳದ ಕಡೆ ನೋಡಿದರೆ ಅಂದಿನ ಪಾಠ ಆಯಿತು.

ಮನೆಮಾತು ಬಿಡಬೇಡಿ. ಹವ್ಯಕರೋ ಕೊಂಕಣಿಯವರೋ ದೀವರೋ, ನೀವು ಎದೆಯಿಂದ ಆಡುವ ಮಾತು ಯಾವುದೋ ಅದನ್ನೇ ಆಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಗುವಿಗೆ ಗೊಂದಲವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಚಿತ್ರ ತೋರಿಸಿ, ಸನ್ನೆ ಮಾಡಿ ಕೇಳುವುದನ್ನು ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂಬ ಭಯವೂ ಬೇಡ. ಕೆಲವು ಮಕ್ಕಳು ಹಾಗೆಯೇ ಮಾತಿಗೆ ಬರುತ್ತಾರೆ. ಕೆಲವರು ಚಿತ್ರ ಮತ್ತು ಸನ್ನೆಯಲ್ಲೇ ಉಳಿಯುತ್ತಾರೆ. ಹಸಿವು, ನೋವು, ಬೇಡ ಎನ್ನುವುದನ್ನು ಅವರು ಹಾಗೆ ತಿಳಿಸಬಲ್ಲರಾದರೆ ಅದೂ ದೊಡ್ಡ ಗಳಿಕೆ. ಆಟಿಸಂ ಹೋಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅತ್ತೆಯವರ ಜೊತೆ ವಾದ ಬೇಡ. ಅವರಿಗೊಂದು ಕೆಲಸ ಕೊಡಿ. ಸಂಜೆ ದೀಪ ಹಚ್ಚುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಂಕಿಕಡ್ಡಿ ಗೀರುವ ಮೊದಲು ಅವನು ನೋಡುವವರೆಗೆ ಕಾಯಬೇಕು, ಅಷ್ಟೇ. ದಿನಾ ಆಗುವ ಒಂದೇ ಬಗೆಯ ಕೆಲಸ ಇಂಥ ಮಕ್ಕಳಿಗೆ ಹಿತ, ಅಜ್ಜಿಯರಷ್ಟು ಕಟ್ಟುನಿಟ್ಟಾಗಿ ಅದನ್ನು ನಡೆಸುವವರು ಬೇರೆ ಇಲ್ಲ.

ಮಲೆನಾಡಿನ ಮನೆಗೆಂದೇ ಇನ್ನೊಂದು ಮಾತು. ಕರೆದರೆ ತಿರುಗದ, ನೀರು ಕಂಡರೆ ಓಡುವ ಮಗು ಇರುವಲ್ಲಿ ಬಾವಿಗೆ ಕಟ್ಟೆ ಇದ್ದರೆ ಸಾಲದು, ಮೇಲೆ ಬಲೆ ಬೇಕು. ಹೊರಬಾಗಿಲಿಗೆ ಅವನ ಕೈಗೆಟುಕದ ಎತ್ತರದಲ್ಲಿ ಅಗಳಿ ಹಾಕಿಸಿ. ಹಳ್ಳದ ಕಡೆ ಇರುವ ಮನೆಯವರಿಗೆಲ್ಲ ಮಗನ ವಿಷಯ ತಿಳಿಸಿಡಿ, ನಾಚಿಕೆ ಬೇಡ. ಇಂಥ ಮಕ್ಕಳು ಮನೆಯಿಂದ ತಪ್ಪಿಸಿಕೊಂಡಾಗ ನೀರಿಗೆ ಬೀಳುವ ಅಪಾಯವೇ ಎಲ್ಲಕ್ಕಿಂತ ದೊಡ್ಡದು. ತರಬೇತಿಗಳಲ್ಲಿ ಇದನ್ನು ಮೊದಲ ದಿನವೇ ಹೇಳಬೇಕೆಂದು ನಾನು ಹಟ ಹಿಡಿಯುತ್ತೇನೆ.

ಎಲ್ಲಿ ಕಲಿಯುವುದು? ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳ ಪಾಲಕರಿಗಾಗಿಯೇ ಸರ್ಟಿಫಿಕೇಟ್ ಕೋರ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಮಗುವಿನ ಜೊತೆ ಅಪ್ಪನೋ ಅಮ್ಮನೋ ಉಳಿದುಕೊಂಡು ಕಲಿಯಬಹುದು. ಅಷ್ಟು ದೂರ ಆಗದಿದ್ದರೆ ಶಿವಮೊಗ್ಗದ ಥೆರಪಿಯವರಿಗೆ ನೇರ ಹೇಳಿ: ‘ವಾರಕ್ಕೆರಡು ಸಲ ಬರಲಾಗುವುದಿಲ್ಲ. ತಿಂಗಳಿಗೆ ಒಂದು ಸಲ ಬರುತ್ತೇನೆ. ನನ್ನ ಕೈಯಲ್ಲೇ ಮಾಡಿಸಿ, ತಪ್ಪಿದ್ದಲ್ಲಿ ತಿದ್ದಿ, ಮುಂದಿನ ಸಲದವರೆಗೆ ಒಂದೇ ಒಂದು ಕೆಲಸ ಕೊಡಿ.’ ಮನೆಯಲ್ಲಿ ಮಗನ ಜೊತೆ ಆಡುವುದನ್ನು ಗಂಡನ ಮೊಬೈಲಿನಲ್ಲಿ ಐದು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿ. ಒಳ್ಳೆಯ ಥೆರಪಿಸ್ಟ್‌ಗೆ ಅದಕ್ಕಿಂತ ಬೆಲೆಬಾಳುವ ವರದಿ ಇಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ಕಡೆ ಸ್ಟೆಮ್ ಸೆಲ್ ಚುಚ್ಚುಮದ್ದು ಕೊಟ್ಟರೆ ಆಟಿಸಂ ಗುಣವಾಗುತ್ತದೆ ಎನ್ನುತ್ತಾರೆ. ಲಕ್ಷಗಟ್ಟಲೆ ಆಗುತ್ತದಂತೆ. ತೋಟ ಅಡವಿಡಲೇ?
– ಒಬ್ಬ ತಂದೆ, ಕೊಪ್ಪ

ಉತ್ತರ: ಬೇಡ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಉಪಯೋಗವಿದೆ ಎಂಬುದಕ್ಕೆ ಪುರಾವೆ ಇಲ್ಲ, ಅದನ್ನು ಚಿಕಿತ್ಸೆಯೆಂದು ಕೊಡಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ತೋಟ ಉಳಿಸಿಕೊಳ್ಳಿ. ಮಗನಿಗೆ ಮುಂದೆ ಅದು ಬೇಕು.

ಪ್ರಶ್ನೆ: ಮೇಡಂ, ನಾನು ವಿಶೇಷ ಶಿಕ್ಷಣದಲ್ಲಿ ಡಿ.ಎಡ್. ಮುಗಿಸಿ ಈಗ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಎಷ್ಟು ಹೇಳಿದರೂ ಪೋಷಕರು ಮನೆಯಲ್ಲಿ ಏನನ್ನೂ ಮಾಡಿಸುವುದಿಲ್ಲ. ಹೋಮ್‌ವರ್ಕ್ ಪುಸ್ತಕ ಖಾಲಿ ತರುತ್ತಾರೆ. ಅವರಿಗೇ ಆಸಕ್ತಿ ಇಲ್ಲದಿದ್ದರೆ ನಾವೇನು ಮಾಡೋಣ?
– ತೀರ್ಥಹಳ್ಳಿ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ನಿಮ್ಮ ತೀರ್ಮಾನವನ್ನು ಒಪ್ಪಲಾರೆ. ಆ ಮನೆಗಳನ್ನು ನೀವು ನೋಡಿದ್ದೀರಾ? ಅಡಿಕೆಗೊನೆ ಕೊಯ್ಲಿನ ಕಾಲದಲ್ಲಿ ಆ ತಾಯಿ ಸಂಜೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತರೆ ಏಳುವುದು ಎಷ್ಟು ಹೊತ್ತಿಗೆ? ಬೆಳಿಗ್ಗೆ ಹಂಡೆ ಕುದಿಯುವಾಗ ಮನೆಯಲ್ಲಿ ಎಷ್ಟು ಜನ ಇರುತ್ತಾರೆ, ಮಗುವನ್ನು ಎತ್ತಿಕೊಳ್ಳುವವರು ಯಾರು? ಇದನ್ನೆಲ್ಲ ಕೇಳದೆ ಕೊಟ್ಟ ಹೋಮ್‌ವರ್ಕ್ ಖಾಲಿಯಾಗಿಯೇ ವಾಪಸು ಬರುತ್ತದೆ.

ನನ್ನ ತಮ್ಮನಿಗೆ ಬೆರಳಿನ ಹಿಡಿತ ಬರಲಿ ಎಂದು ಮಣಿ ಪೋಣಿಸುವ ಕೆಲಸ ಕೊಟ್ಟಿದ್ದರು. ಬಣ್ಣದ ಮಣಿಗಳ ಡಬ್ಬಿ ಕಪಾಟಿನಲ್ಲೇ ಉಳಿಯಿತು. ಅವನಿಗೂ ಬೇಡ, ಅಮ್ಮನಿಗೂ ಪುರುಸೊತ್ತಿಲ್ಲ. ಅಪ್ಪ ಅವನನ್ನು ಅಂಗಳದಲ್ಲಿ ಒಣಗಿದ ಅಡಿಕೆಯ ರಾಶಿಯ ಮುಂದೆ ಕೂರಿಸಿದರು. ಮೊದಲು ಗೋಟು ದರ್ಜೆಯ ಅಡಿಕೆ ಮಾತ್ರ ಆರಿಸಿ ಬುಟ್ಟಿಗೆ ಹಾಕುವುದು. ಅದು ಕೈಗೆ ಹತ್ತಿದ ಮೇಲೆ ಗೊರಬಲು ದರ್ಜೆ ಬೇರೆ, ರಾಶಿ ದರ್ಜೆ ಬೇರೆ. ಬಣ್ಣ, ಗಾತ್ರ, ಬೆರಳ ಹಿಡಿತ, ಒಂದೆಡೆ ಕೂರುವ ತಾಳ್ಮೆ, ಎಲ್ಲವೂ ಅದರಲ್ಲೇ ಇದ್ದವು. ಮೇಲಾಗಿ ಅದು ಮನೆಗೆ ಬೇಕಾದ ಕೆಲಸ. ಇವತ್ತಿಗೂ ನಮ್ಮನೆಯಲ್ಲಿ ಅವನು ಆರಿಸದೆ ಅಡಿಕೆ ಮಂಡಿಗೆ ಹೋಗುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿ ಮುಕ್ಕಾಲು ಗಂಟೆ ನೀವೇ ಮಾಡಿಸಿ ಕಳಿಸಬೇಡಿ. ತಾಯಿಯೋ ತಂದೆಯೋ ಒಳಗೇ ಇರಲಿ. ಮೊದಲು ನೀವು ಮಾಡಿ ತೋರಿಸಿ, ಆಮೇಲೆ ಅವರು ಮಾಡಲಿ, ನೀವು ಕೈಕಟ್ಟಿ ನೋಡಿ. ಅವರು ಸರಿ ಮಾಡಿದ್ದನ್ನು ಮೊದಲು ಹೇಳಿ, ತಿದ್ದುವುದು ಆಮೇಲೆ. ಅವರ ದಿನದಲ್ಲಿ ಈಗಾಗಲೇ ಇರುವ ಒಂದು ಕೆಲಸಕ್ಕೆ ನಿಮ್ಮ ಗುರಿಯನ್ನು ಕಟ್ಟಿ. ಪುಸ್ತಕದಲ್ಲಿ ಬರೆಸಬೇಡಿ, ಮುಂದಿನ ಸಲ ಬಂದಾಗ ಮಾಡಿಸಿ ನೋಡಿ.

ನಿಮ್ಮನ್ನು ಮಾತ್ರ ದೂರುತ್ತಿಲ್ಲ. ನಮ್ಮ ಕೋರ್ಸುಗಳಲ್ಲಿ ಕಾಯಿಲೆಯ ಹೆಸರು, ಲಕ್ಷಣ, ಪರೀಕ್ಷೆ ಎಲ್ಲ ಕಲಿಸುತ್ತಾರೆ. ಒಬ್ಬ ತಾಯಿಯ ಎದುರು ಕೂತು ಕೇಳಿಸಿಕೊಳ್ಳುವುದನ್ನು ಕಲಿಸಲು ಸಿಗುವ ಹೊತ್ತು ಕಡಿಮೆ. ಅಮೆರಿಕದಲ್ಲಿ ಲೆಂಡ್ ಎಂಬ ತರಬೇತಿ ಇದೆ. ಅಲ್ಲಿ ಮಕ್ಕಳ ವೈದ್ಯರು, ಮಾತಿನ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ಅವರ ಸಾಲಿನಲ್ಲೇ ಇಂಥ ಮಗುವಿನ ತಾಯಿ, ತಂದೆ ಅಥವಾ ಒಡಹುಟ್ಟಿದವರು ಕೂಡ ತರಬೇತಿ ಪಡೆಯುವವರಾಗಿ ಕೂರುತ್ತಾರೆ. ಕುಟುಂಬ ಎನ್ನುವುದು ಅಲ್ಲಿ ಉಳಿದವುಗಳ ಸಮಕ್ಕೆ ಒಂದು ಅಧ್ಯಯನ ವಿಷಯ. ಶಿವಮೊಗ್ಗದಲ್ಲಿ ಇದಾಗಬೇಕೆನ್ನುವುದು ನನ್ನ ಹಂಬಲ. ನರ್ಸಿಂಗ್ ಕಾಲೇಜಿಗೆ, ಬಿ.ಎಡ್. ತರಗತಿಗೆ ಒಬ್ಬ ತಾಯಿಯನ್ನು ಪಾಠ ಮಾಡಲು ಕರೆಯಬೇಕು, ಕರೆದಾಗ ಉಳಿದ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಬೇಕು. ಶಾಲು ಹಾರದಲ್ಲಿ ಮುಗಿಸಬಾರದು.

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕ. ಮೂರನೇ ತರಗತಿಯಲ್ಲಿ ಇಂಥ ಇಬ್ಬರು ಮಕ್ಕಳಿದ್ದಾರೆ. ಸಮನ್ವಯ ಶಿಕ್ಷಣದ ತರಬೇತಿಗೆ ಹೋಗಿ ಬಂದೆ. 21 ಬಗೆಯ ಅಂಗವಿಕಲತೆಗಳ ಪಟ್ಟಿ ಬರೆಸಿದರು. ನಾಳೆ ಬೆಳಿಗ್ಗೆ ತರಗತಿಯಲ್ಲಿ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.
– ಸೊರಬ ತಾಲ್ಲೂಕು

ಉತ್ತರ: ಮೇಷ್ಟ್ರೇ, ಆ ಪಟ್ಟಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು, ಪ್ರಮಾಣಪತ್ರ ಮಾಡಿಸುವಾಗ ಬೇಕಾಗುತ್ತದೆ. ತರಗತಿಗೆ ಬೇಕಾದದ್ದು ಬೇರೆ. ಇಬ್ಬರಿಗೂ ದಿನಾ ಒಂದೇ ಜಾಗ, ಬಾಗಿಲು ಕಿಟಕಿಯಿಂದ ದೂರ, ನಿಮ್ಮ ಕೈಗೆ ಹತ್ತಿರ. ದಿನದಲ್ಲಿ ಏನಾದ ಮೇಲೆ ಏನು ಎನ್ನುವುದನ್ನು ಐದಾರು ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸಿ: ಪ್ರಾರ್ಥನೆ, ಕನ್ನಡ, ಹಾಲು, ಲೆಕ್ಕ, ಊಟ, ಆಟ. ಮುಗಿದದ್ದನ್ನು ಅವರೇ ಬಂದು ಮುಚ್ಚಲಿ. ಒಂದು ಸಲಕ್ಕೆ ಒಂದೇ ಸೂಚನೆ. ‘ಪುಸ್ತಕ ತೆಗೆದು ಹದಿನೇಳನೇ ಪುಟ ನೋಡಿ ಬರೆಯಿರಿ’ ಎನ್ನುವುದರಲ್ಲಿ ಮೂರು ಸೂಚನೆಗಳಿವೆ. ಗಂಟೆಯ ಸದ್ದಿಗೆ ಕಿವಿ ಮುಚ್ಚಿ ಕಿರುಚುವ ಮಗುವಾದರೆ ಗಂಟೆ ಬಾರಿಸುವ ಮೊದಲೇ ಅವನಿಗೆ ತಿಳಿಸಿ, ಅಥವಾ ಅವನ ಕೈಗೇ ಕೋಲು ಕೊಡಿ.

ತಾಯಿಯನ್ನು ಕರೆಸಿ ದೂರು ಹೇಳುವ ಬದಲು ಒಂದು ಪ್ರಶ್ನೆ ಕೇಳಿ: ಮನೆಯಲ್ಲಿ ಅವನು ಸಿಟ್ಟಾದಾಗ ನೀವೇನು ಮಾಡುತ್ತೀರಿ? ನಿಮಗೆ ಯಾವ ತರಬೇತಿಯಲ್ಲೂ ಸಿಗದ ಉತ್ತರ ಅಲ್ಲಿ ಸಿಗುತ್ತದೆ. ನಿಮ್ಮ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರು, ಅಂದರೆ ಸಮನ್ವಯ ಶಿಕ್ಷಣಕ್ಕೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಇರುತ್ತಾರೆ. ಶಾಲೆಗೆ ಬಂದು ನಿಮ್ಮ ಜೊತೆ ಕೂತು ಆ ಇಬ್ಬರಿಗೂ ಬೇರೆ ಬೇರೆ ಕಲಿಕಾ ಯೋಜನೆ ಬರೆಯಲು ಲಿಖಿತವಾಗಿ ಕೇಳಿ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬೌದ್ಧಿಕ ತೊಂದರೆ ಇರುವ ಮಕ್ಕಳಿಗೆ ಕಲಿಸಬಲ್ಲ ಶಿಕ್ಷಕರನ್ನು ತಯಾರು ಮಾಡುವುದು ಸರ್ಕಾರದ ಹೊಣೆ. ಅದನ್ನು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ, ಬೌದ್ಧಿಕ ಬೆಳವಣಿಗೆ ಕಡಿಮೆ. ಅವಳಿಗಾಗಿ ಓಡಾಡಿ ಓಡಾಡಿ ಕಚೇರಿಯ ದಾರಿಗಳೆಲ್ಲ ಪರಿಚಯವಾಗಿವೆ. ಈಗ ಊರಿನ ಬೇರೆ ಮಕ್ಕಳ ತಂದೆತಾಯಿಗಳು ನನ್ನನ್ನು ಕರೆಯುತ್ತಾರೆ, ಜೊತೆಗೆ ಹೋಗುತ್ತೇನೆ. ಕಚೇರಿಯಲ್ಲಿ ‘ನೀವು ಯಾರು?’ ಎನ್ನುತ್ತಾರೆ. ಈ ಕೆಲಸವನ್ನು ಸರಿಯಾಗಿ ಕಲಿಯಲು ತರಬೇತಿ ಇದೆಯೇ?
– ಸಾಗರ

ಉತ್ತರ: ನೀವು ಮಾಡುತ್ತಿರುವುದು ದೊಡ್ಡ ಕೆಲಸ. ಅಮೆರಿಕದ ಮಿನ್ನೆಸೋಟದಲ್ಲಿ 1987ರಲ್ಲಿ ಇಂಥವರಿಗೆಂದೇ ಒಂದು ತರಬೇತಿ ಶುರುವಾಯಿತು. ಅಂಗವಿಕಲ ಮಕ್ಕಳ ತಾಯ್ತಂದೆಯರು ಮತ್ತು ಸ್ವತಃ ಅಂಗವಿಕಲರು ವಾರಾಂತ್ಯಗಳಲ್ಲಿ ಸೇರಿ ಕಾನೂನು, ಶಿಕ್ಷಣ, ಶಾಸಕರ ಮುಂದೆ ವಿಷಯ ಮಂಡಿಸುವ ಬಗೆ ಎಲ್ಲವನ್ನೂ ಕಲಿಯುತ್ತಾರೆ. ನಮ್ಮಲ್ಲೂ ದೆಹಲಿಯ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆಯನ್ನು 1991ರಲ್ಲಿ ಕಟ್ಟಿದ ಮೆರಿ ಬರುವಾ ಆಟಿಸಂ ಇರುವ ಮಗನ ತಾಯಿ. ಪೋಷಕರ ಸಂಘಗಳ ರಾಷ್ಟ್ರೀಯ ಒಕ್ಕೂಟ ‘ಪರಿವಾರ್’ ಕೂಡ ತಾಯ್ತಂದೆಯರೇ ಕಟ್ಟಿದ್ದು. ಭಾರತೀಯ ಪುನರ್ವಸತಿ ಪರಿಷತ್ತು 2021ರಲ್ಲಿ ಸಿಬಿಐಡಿ ಎಂಬ ಆರು ತಿಂಗಳ ಕೋರ್ಸ್ ಶುರುಮಾಡಿದೆ. ಊರುಮಟ್ಟದಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುವವರನ್ನು ತಯಾರು ಮಾಡುವ ಕೋರ್ಸ್ ಅದು, ನಿಮಗೆ ಹೊಂದುತ್ತದೆ.

2016ರ ಕಾಯ್ದೆಯ 47ನೇ ಸೆಕ್ಷನ್ ಓದಿಕೊಳ್ಳಿ, ಅದರ ಪ್ರತಿ ಜೇಬಿನಲ್ಲಿರಲಿ. ಶಿಕ್ಷಕರು, ವೈದ್ಯರು, ನರ್ಸ್‌ಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಪೊಲೀಸರು, ನ್ಯಾಯಾಧೀಶರು, ಇವರೆಲ್ಲರ ಕಲಿಕೆಯಲ್ಲಿ ಅಂಗವಿಕಲರ ವಿಷಯ ಬರಬೇಕು ಎಂದು ಅದು ಹೇಳುತ್ತದೆ. ಆರೈಕೆ ಮಾಡುವ ಕುಟುಂಬದವರಿಗೂ ತರಬೇತಿ ಕೊಡಬೇಕು ಎಂದು ಅದೇ ಸೆಕ್ಷನ್‌ನಲ್ಲಿದೆ. ಜನ ಇದನ್ನು ಕೇಳುವುದಿಲ್ಲ, ಹಾಗಾಗಿ ಆಗುವುದೂ ಇಲ್ಲ. ಪಂಚಾಯಿತಿಯ ಗ್ರಾಮಸಭೆಯಲ್ಲಿ ಎದ್ದು ಕೇಳಿ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ. ಅವರಲ್ಲಿ ಬಹಳಷ್ಟು ಮಂದಿ ಸ್ವತಃ ಅಂಗವಿಕಲರು. ಅವರನ್ನು ಬಿಟ್ಟು ನೀವೊಬ್ಬರೇ ಓಡಾಡಬೇಡಿ.

ಕೆಲಸದ ಬಗ್ಗೆ ನನ್ನ ಎರಡು ಎಚ್ಚರಿಕೆ. ಇನ್ನೊಬ್ಬರ ಮಗುವಿನ ವಿಷಯ ನಿಮ್ಮ ಬಾಯಿಂದ ಮೂರನೆಯವರಿಗೆ ಹೋಗಬಾರದು, ಮದುವೆ ಮನೆಯಲ್ಲಂತೂ ಬೇಡವೇ ಬೇಡ. ಮತ್ತೆ, ನಿಮ್ಮ ಮಗಳಿಗೆ ಆದದ್ದೇ ಅವರ ಮಗುವಿಗೂ ಸರಿ ಎಂದು ತೀರ್ಮಾನಿಸಬೇಡಿ. ಅವರಿಗೇನು ಬೇಕೆಂದು ಅವರೇ ಹೇಳಲಿ, ಮಗು ಹೇಳಬಲ್ಲದಾದರೆ ಮಗುವೇ ಹೇಳಲಿ. ಕಚೇರಿಯಲ್ಲಿ ಮಾತೂ ಅವರದೇ ಇರಲಿ, ನೀವು ಪಕ್ಕದಲ್ಲಿರಿ. ಎರಡು ಮೂರು ಸಲ ಹೀಗೆ ಹೋಗಿ ಬಂದ ತಾಯಿ ನಾಲ್ಕನೇ ಸಲ ಇನ್ನೊಬ್ಬಳನ್ನು ಕರೆದುಕೊಂಡು ತಾನೇ ಹೋಗುತ್ತಾಳೆ.

‘ನೀವು ಯಾರು’ ಎಂದರೆ ಕೋಪ ಬೇಡ. ‘ಇವರ ಕೋರಿಕೆಯ ಮೇಲೆ ಬಂದಿದ್ದೇನೆ’ ಎಂದು ಹೇಳಿ, ಮಗುವಿನ ತಂದೆಯೋ ತಾಯಿಯೋ ಬರೆದು ಸಹಿ ಹಾಕಿದ ಎರಡು ಸಾಲಿನ ಪತ್ರ ತೋರಿಸಿ. ಪ್ರತಿ ಮಗುವಿಗೂ ಒಂದು ಫೈಲ್ ಮಾಡಿಸಿ: ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ವೈದ್ಯರ ವರದಿ, ಆಧಾರ್, ಕೊಟ್ಟ ಅರ್ಜಿಗಳ ಸ್ವೀಕೃತಿ. ಸ್ವೀಕೃತಿ ಇಲ್ಲದೆ ಯಾವ ಅರ್ಜಿಯನ್ನೂ ಕೊಟ್ಟು ಬರಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ತೊಂದರೆ ಇರುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ. ವರ್ಷ ವರ್ಷ ನವೀಕರಿಸಬೇಕು, ಬಹಳ ಮನೆಗಳಲ್ಲಿ ಅದು ಅಲ್ಲೇ ತಪ್ಪುತ್ತದೆ.

ಇನ್ನು ನಿಮ್ಮ ಮಗಳ ವಿಷಯ. 18 ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ನೀವು ತಾನಾಗಿಯೇ ಅವಳ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಬ್ಯಾಂಕಿನಲ್ಲಿ ಮೊದಲು ತೊಡಕು ಕಾಣಿಸುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಆ ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇರುತ್ತಾರೆ. ಅವಳು ಯಾವ ನಿರ್ಧಾರ ತಾನೇ ಮಾಡಬಲ್ಲಳು, ಯಾವುದಕ್ಕೆ ನಿಮ್ಮ ನೆರವು ಬೇಕು ಎನ್ನುವುದನ್ನು ಅವಳ ಜೊತೆ ಕೂತು ಈಗಲೇ ಬರೆದಿಡಿ, ಸಮಿತಿ ಕೇಳಿದರೆ ಅವಳೇ ಹೇಳುವಂತಾಗಲಿ. ಜನನ ಪ್ರಮಾಣಪತ್ರ, ಅಂಗವಿಕಲತೆ ಪ್ರಮಾಣಪತ್ರ, ನಿಮ್ಮಿಬ್ಬರ ಫೋಟೋ ಹೊಂದಿಸಿಕೊಳ್ಳಿ. ಅವಳ ಹುಟ್ಟುಹಬ್ಬ ಬರುವವರೆಗೆ ಕಾಯಬೇಡಿ, ಬೇರೇನು ಲಗತ್ತಿಸಬೇಕೆಂದು ಶಿವಮೊಗ್ಗದ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಈ ತಿಂಗಳೇ ಕೇಳಿ ಬನ್ನಿ. ನಿಮ್ಮ ಊರಿನಲ್ಲಿ ಅದೇ ವಯಸ್ಸಿನ ಬೇರೆ ಮಕ್ಕಳಿದ್ದರೆ ಅವರ ಮನೆಯವರನ್ನೂ ಅದೇ ಬಸ್ಸಿಗೆ ಹತ್ತಿಸಿಕೊಳ್ಳಿ.